ಲಾರಿಯ ಮೇಲೆ ಬರುವ ಮನೆಗಳು: ಅವು ಎಷ್ಟು ಹಸಿರು?



ಸಿಂಗಪುರದಲ್ಲಿರುವ ನಮಗೆಲ್ಲ ಕ್ರೇನುಗಳು ಹೊಸದೇನಲ್ಲ. ಎಂ.ಆರ್.ಟಿ. ಕಿಟಕಿಯಿಂದ ಯಾವ ದಿಕ್ಕಿಗೆ ನೋಡಿದರೂ ಎರಡು ಮೂರು ಕಣ್ಣಿಗೆ ಬೀಳುತ್ತವೆ. ಆದರೆ ಆ ಕ್ರೇನುಗಳು ಎತ್ತುವ ಸಾಮಾನು ಮಾತ್ರ ಬದಲಾಗಿದೆ. ಮೊದಲೆಲ್ಲ ಕಬ್ಬಿಣದ ಸರಳಿನ ಕಟ್ಟು, ಕಾಂಕ್ರೀಟಿನ ಬಕೆಟ್ಟು, ಹಲಗೆಗಳು ಮೇಲೇರುತ್ತಿದ್ದವು. ಈಗ ಇಡೀ ಗೋಡೆಗಳು ಮೇಲೇರುತ್ತವೆ. ಕೆಲವು ಕಡೆ ಕಿಟಕಿ, ಟೈಲ್ಸು, ಬಣ್ಣ, ವೈರಿಂಗು ಎಲ್ಲ ಮುಗಿದ ಇಡೀ ಕೋಣೆಯೇ ಪ್ಲಾಸ್ಟಿಕ್ ಹೊದಿಕೆ ಸುತ್ತಿಕೊಂಡು ಲಾರಿಯ ಮೇಲೆ ಬಂದು, ಅಲ್ಲಿಂದ ನೇರವಾಗಿ ಇಪ್ಪತ್ತನೆಯ ಮಹಡಿಗೆ ಹೋಗಿ ಕೂರುತ್ತದೆ. ಮಕ್ಕಳು ಇದನ್ನು ನೋಡಿ "ಲೆಗೊ" ಎನ್ನುತ್ತಾರೆ. ಊರಿನಿಂದ ಬಂದ ಹಿರಿಯರು "ಇದು ನಿಲ್ಲುತ್ತದೇನಪ್ಪಾ?" ಎಂದು ಕೇಳುತ್ತಾರೆ. ಮನೆ ಮಾರುವವರ ಬಣ್ಣದ ಪುಸ್ತಿಕೆಗಳು "ಪರಿಸರಸ್ನೇಹಿ" ಎನ್ನುತ್ತವೆ.

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ನಮ್ಮಲ್ಲಿ ಅನೇಕ ಕುಟುಂಬಗಳು ಇಂತಹ ಮನೆಗಳಲ್ಲಿ ಬಾಡಿಗೆಗಿವೆ, ಕೆಲವರು ಕೊಂಡಿದ್ದಾರೆ, ಇನ್ನು ಕೆಲವರು ಬೆಂಗಳೂರಿನಲ್ಲಿ ಇದೇ ವಿಧಾನದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟಿದ್ದಾರೆ. ಆದ್ದರಿಂದ ಈ ಪೂರ್ವನಿರ್ಮಿತ ಕಟ್ಟಡ ಎಂದರೇನು, ಅದು ಪರಿಸರಕ್ಕೆ ನಿಜಕ್ಕೂ ಒಳ್ಳೆಯದೇ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ ಬನ್ನಿ. ನಮ್ಮ ಓದು, ಕೆಲಸ ಎರಡೂ ಕಂಪ್ಯೂಟರಿನದು, ಸಿವಿಲ್ ಇಂಜಿನಿಯರಿಂಗ್ ಅಲ್ಲ. ಆದರೆ ಬಿಡಿ ಭಾಗಗಳನ್ನು ಬೇರೆ ಬೇರೆಯಾಗಿ ಮಾಡಿ, ಪರೀಕ್ಷಿಸಿ, ಕೊನೆಗೆ ಜೋಡಿಸುವುದು ನಮ್ಮ ದಿನನಿತ್ಯದ ಕಸುಬು. ಭಾಗಗಳು ಚೆನ್ನಾಗಿದ್ದರೂ ಜೋಡಿಸುವ ಜಾಗದಲ್ಲೇ ತೊಂದರೆ ಹುಟ್ಟುವುದು ಎಂಬುದೂ ನಮಗೆ ಚೆನ್ನಾಗಿ ಗೊತ್ತು!

ಇಡ್ಲಿ ತಟ್ಟೆಯಿಂದ ಡಬ್ಬಿಯವರೆಗೆ

ಸಾಮಾನ್ಯ ಕಟ್ಟಡದಲ್ಲಿ ಕಾಂಕ್ರೀಟನ್ನು ಇದ್ದ ಜಾಗದಲ್ಲೇ ಹಲಗೆಯ ಅಚ್ಚು ಕಟ್ಟಿ ಸುರಿಯುತ್ತಾರೆ. ಒಂದು ಮಹಡಿ ಗಟ್ಟಿಯಾದ ಮೇಲೆ ಮುಂದಿನದು. ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಅಚ್ಚಿನ ಪ್ಲೈವುಡ್ಡು ಕೆಲವು ಸಲ ಬಳಸಿದ ಮೇಲೆ ಕಸಕ್ಕೆ ಹೋಗುತ್ತದೆ. ಪೂರ್ವನಿರ್ಮಿತ ವಿಧಾನದಲ್ಲಿ ಅಚ್ಚು ಉಕ್ಕಿನದು, ಅದು ಇರುವುದು ಕಾರ್ಖಾನೆಯಲ್ಲಿ, ಸೂರಿನ ಕೆಳಗೆ. ನಮ್ಮ ಇಡ್ಲಿ ತಟ್ಟೆಯ ಹಾಗೆಯೇ: ಹಿಟ್ಟು ಹೊಯ್ಯುವುದು, ಗಟ್ಟಿಯಾದ ಮೇಲೆ ಎಬ್ಬಿಸುವುದು, ತಟ್ಟೆ ತೊಳೆದು ಮತ್ತೆ ಹೊಯ್ಯುವುದು. ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಬೇಗ ಗಟ್ಟಿಯಾಗಲೆಂದು ಹಲವು ಕಾರ್ಖಾನೆಗಳಲ್ಲಿ ಕಾಂಕ್ರೀಟಿಗೆ ಹಬೆಯನ್ನೂ ಕೊಡುತ್ತಾರೆ!

ಇದರಲ್ಲಿ ಮೂರು ಮಟ್ಟಗಳಿವೆ ಎನ್ನಬಹುದು. ಮೊದಲನೆಯದು ಚಪ್ಪಟೆ ಭಾಗಗಳು: ಗೋಡೆ, ನೆಲದ ಹಾಸು, ಮೆಟ್ಟಿಲು, ಹೊರಮುಖ. ಎಚ್.ಡಿ.ಬಿ. ಮನೆಗಳಲ್ಲಿ ದಶಕಗಳಿಂದ ಇರುವುದು ಇದೇ. ಎರಡನೆಯದು ಸಿದ್ಧ ಸ್ನಾನದ ಕೋಣೆ. ನೆಲ, ಗೋಡೆ, ಟೈಲ್ಸು, ನೀರಿನ ಕೊಳವೆ ಎಲ್ಲ ಸೇರಿದ ಒಂದು ಪೆಟ್ಟಿಗೆಯನ್ನು ತಂದು ಕೂರಿಸುವುದು. ಮೂರನೆಯದು ಇಡೀ ಕೋಣೆಯನ್ನೇ ಡಬ್ಬಿಯಾಗಿ ಮಾಡುವುದು. ಇದಕ್ಕೆ ಇಲ್ಲಿ ಪಿ.ಪಿ.ವಿ.ಸಿ. ಎನ್ನುತ್ತಾರೆ. ಪೂರ್ಣ ಹೆಸರು "ಪ್ರಿಫ್ಯಾಬ್ರಿಕೇಟೆಡ್ ಪ್ರಿಫಿನಿಶ್ಡ್ ವಾಲ್ಯೂಮೆಟ್ರಿಕ್ ಕನ್‌ಸ್ಟ್ರಕ್ಷನ್". ನಾಲಿಗೆಗೆ ವ್ಯಾಯಾಮ ಬೇಕಿದ್ದವರು ಒಮ್ಮೆ ಹೇಳಿ ನೋಡಬಹುದು. ಈ ಲೇಖನದಲ್ಲಿ ನಾವು "ಡಬ್ಬಿ" ಎಂದೇ ಕರೆಯುತ್ತೇವೆ.

ಡಬ್ಬಿಯ ಕಟ್ಟಡಕ್ಕೆ ಒಳ್ಳೆಯ ಉದಾಹರಣೆ ಕ್ಲೆಮೆಂಟಿಯ ಬಳಿಯ "ಕ್ಲೆಮೆಂಟ್ ಕೆನೊಪಿ". ತಲಾ 40 ಮಹಡಿಗಳ ಎರಡು ಗೋಪುರಗಳು, 140 ಮೀಟರ್ ಎತ್ತರ, 505 ಮನೆಗಳು, 2019ರಲ್ಲಿ ಮುಗಿದದ್ದು. ಇದಕ್ಕೆ ಬೇಕಾದ 1,866 ಡಬ್ಬಿಗಳ ಕಾಂಕ್ರೀಟನ್ನು ಎರಕ ಹೊಯ್ದದ್ದು ಗಡಿಯಾಚೆ, ಮಲೇಷ್ಯಾದ ಸೆನಾಯ್‌ನಲ್ಲಿ. ಅಲ್ಲಿಂದ ಅವು ತುವಾಸ್‌ಗೆ ಬಂದು, ಒಳಗಿನ ಕೆಲಸ ಮುಗಿಸಿಕೊಂಡು, ಕ್ಲೆಮೆಂಟಿಗೆ ಹೋದವು. ಒಂದೊಂದರ ತೂಕ ಇಪ್ಪತ್ತೈದು ಟನ್ನಿಗೂ ಮೇಲೆ, ಅಂದರೆ ಐದಾರು ಆನೆಗಳಷ್ಟು. ಡಬ್ಬಿಯ ಅಳತೆಯನ್ನು ತೀರ್ಮಾನಿಸುವುದು ವಾಸ್ತುಶಿಲ್ಪಿಯಷ್ಟೇ ಅಲ್ಲ, ರಸ್ತೆಯೂ ಹೌದು. ಲಾರಿಯ ಮೇಲಿನ ಹೊರೆ ನೆಲದಿಂದ ನಾಲ್ಕೂವರೆ ಮೀಟರ್ ದಾಟಿದರೆ ಇಲ್ಲಿ ವಿಶೇಷ ಅನುಮತಿ ಬೇಕು. ಹಾಗಾಗಿ ನಿಮ್ಮ ಮಲಗುವ ಕೋಣೆಯ ಅಗಲ, ಎತ್ತರಗಳ ಹಿಂದೆ ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆಯ ಲೆಕ್ಕವೂ ಇರಬಹುದು.

ಸಂದಿನಲ್ಲಿದೆ ಗುಟ್ಟು

ಈಗ ಹಿರಿಯರ ಪ್ರಶ್ನೆಗೆ ಬರೋಣ. ಒಂದರ ಮೇಲೊಂದು ಇಟ್ಟ ಡಬ್ಬಿಗಳು ಹೇಗೆ ನಿಲ್ಲುತ್ತವೆ?

ಈ ಪ್ರಶ್ನೆಗೆ ಜಗತ್ತು ಒಮ್ಮೆ ಬಹಳ ದುಬಾರಿ ಉತ್ತರ ಕಲಿತಿದೆ. ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಕಟ್ಟಡ ಕಾರ್ಖಾನೆಯಲ್ಲಿ ಮಾಡಿದ ಗೋಡೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದು. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. 1968ರ ಮೇ 16ರ ಬೆಳಗಿನ ಜಾವ 18ನೆಯ ಮಹಡಿಯ ಮನೆಯೊಂದರಲ್ಲಿ ಒಲೆ ಹಚ್ಚಿದಾಗ ಸೋರಿದ್ದ ಗ್ಯಾಸ್ ಸ್ಫೋಟಿಸಿತು. ಸ್ಫೋಟ ಅಷ್ಟೇನೂ ದೊಡ್ಡದಲ್ಲ, ಒಲೆ ಹಚ್ಚಿದಾಕೆ ಬದುಕಿ ಉಳಿದರು. ಆದರೆ ಹೊರಗೋಡೆ ಹೊರಕ್ಕೆ ಜಾರಿತು. ಅದರ ಆಸರೆಯ ಮೇಲಿದ್ದ ಮೇಲಿನ ಮಹಡಿಗಳ ಮೂಲೆ ಕುಸಿಯಿತು, ಆ ಭಾರಕ್ಕೆ ಕೆಳಗಿನ ಮೂಲೆಗಳೂ ನೆಲದವರೆಗೆ ಒಂದರ ಹಿಂದೊಂದು ಕಳಚಿದವು. ನಾಲ್ವರು ಸತ್ತರು. ಗೋಡೆಗಳ ಕಾಂಕ್ರೀಟಿನಲ್ಲಿ ಕೊರತೆ ಇರಲಿಲ್ಲ. ಗೋಡೆ ಗೋಡೆಗೆ, ಗೋಡೆ ನೆಲಕ್ಕೆ ಸೇರುವ ಸಂದುಗಳು ದುರ್ಬಲವಾಗಿದ್ದವು. 1986ರಲ್ಲಿ ಕಟ್ಟಡವನ್ನು ಬಿಚ್ಚಿ ಕೆಡವಿದಾಗ ಕೆಲವು ಸಂದುಗಳಲ್ಲಿ ಗಾರೆ ಇರಬೇಕಾದಲ್ಲಿ ಹಳೆಯ ಪತ್ರಿಕೆಗಳ ಉಂಡೆಗಳು ಸಿಕ್ಕವು. ಕಾರ್ಖಾನೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ, ಕೊನೆಯ ಐದು ಸೆಂಟಿಮೀಟರ್ ಕೆಲಸ ಮಳೆ ಗಾಳಿಯಲ್ಲಿ ನಿಂತ ಕಾರ್ಮಿಕನ ಕೈಯಲ್ಲಿತ್ತು.

ಆ ದುರಂತದ ನಂತರ ಬ್ರಿಟನ್ನಿನ ಕಟ್ಟಡ ನಿಯಮಗಳು ಬದಲಾದವು. ಒಂದು ಭಾಗ ಹೋದರೂ ಉಳಿದದ್ದು ಸರಪಳಿಯಂತೆ ಕುಸಿಯಬಾರದು ಎಂಬ ತತ್ವ ಬೇರೆ ದೇಶಗಳ ನಿಯಮಗಳಿಗೂ ಹರಡಿತು. ಇಂದು ಇಲ್ಲಿನ ಗೋಡೆಗಳ ಅಂಚಿನಿಂದ ಕಬ್ಬಿಣದ ಸರಳುಗಳು ಹೊರಚಾಚಿರುತ್ತವೆ. ಎರಡು ಭಾಗಗಳ ಸರಳುಗಳನ್ನು ಒಂದರೊಳಗೊಂದು ಸೇರಿಸಿ, ನಡುವಿನ ಟೊಳ್ಳಿಗೆ ಗ್ರೌಟ್ ಎಂಬ ಗಟ್ಟಿ ಸಿಮೆಂಟ್ ದ್ರವವನ್ನು ಒತ್ತಡದಲ್ಲಿ ತುಂಬುತ್ತಾರೆ. ಕಾಂಕ್ರೀಟಿನ ಡಬ್ಬಿಗಳಲ್ಲಿ ಅಕ್ಕಪಕ್ಕದ ಎರಡು ತೆಳು ಗೋಡೆಗಳ ನಡುವೆ ಹೀಗೆ ತುಂಬಿದಾಗ ಎರಡೂ ಸೇರಿ ಒಂದೇ ದಪ್ಪ ಗೋಡೆಯಾಗುತ್ತದೆ. ಹಾಗಾಗಿ ಊರಿನ ಹಿರಿಯರಿಗೆ ಧೈರ್ಯವಾಗಿ ಹೇಳಬಹುದು: ಇದು ಇಸ್ಪೀಟು ಎಲೆಯ ಮನೆಯಲ್ಲ, ಜೋಡಿಸಿದ ಮೇಲೆ ಒಂದೇ ಬಂಡೆ.

"ಒಂದೇ ಬಂಡೆ" ಎಂಬ ಈ ಮಾತನ್ನು ದಯವಿಟ್ಟು ನೆನಪಿಡಿ. ಲೇಖನದ ಮುಂದಿನ ಭಾಗ ಅದರ ಮೇಲೆಯೇ ನಿಂತಿದೆ.

ಸಿಂಗಪುರ ಏಕೆ ಈ ದಾರಿ ಹಿಡಿಯಿತು?

ಎಚ್.ಡಿ.ಬಿ. ಶುರುವಾದದ್ದು 1960ರಲ್ಲಿ. ಇಂದು ಇಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಅದರ ಮನೆಗಳಲ್ಲಿದ್ದಾರೆ. 60 ಮತ್ತು 70ರ ದಶಕಗಳಲ್ಲಿ ಒಂದೆರಡು ಸಲ ಪೂರ್ವನಿರ್ಮಿತ ವಿಧಾನವನ್ನು ಪ್ರಯತ್ನಿಸಿ ಕೈಬಿಡಲಾಯಿತು. ಗುತ್ತಿಗೆದಾರರಿಗೆ ಅದು ಲಾಭ ತರಲಿಲ್ಲ. ದೊಡ್ಡ ಪ್ರಮಾಣದಲ್ಲಿ ನೆಲೆಯೂರಿದ್ದು 80ರ ದಶಕದಲ್ಲಿ. ಡಬ್ಬಿ ಪದ್ಧತಿ ಇನ್ನೂ ಇತ್ತೀಚಿನದು. 2014ರ ನವೆಂಬರಿನಿಂದ ಸರ್ಕಾರ ಮಾರುವ ಕೆಲವು ನಿವೇಶನಗಳಲ್ಲಿ ಡಬ್ಬಿಗಳಲ್ಲೇ ಕಟ್ಟಬೇಕೆಂಬ ಷರತ್ತು ಬಂತು. 2016ರಲ್ಲಿ ಚಾಂಗಿ ವಿಮಾನ ನಿಲ್ದಾಣದ ಕ್ರೌನ್ ಪ್ಲಾಜಾ ಹೋಟೆಲಿಗೆ 243 ಕೋಣೆಗಳ ಹೊಸ ಭಾಗ ಸೇರಿತು. ಆ ಕೋಣೆಗಳು ತಯಾರಾದದ್ದು ಚೀನಾದ ಶಾಂಘೈನಲ್ಲಿ. ಅವು ಹಡಗಿನಲ್ಲಿ ಬಂದವು!

ಕಾರಣ ಮುಖ್ಯವಾಗಿ ಕಾರ್ಮಿಕರು. ಇಲ್ಲಿನ ಕಟ್ಟಡಗಳನ್ನು ಕಟ್ಟುವವರು ಬಾಂಗ್ಲಾದೇಶ, ತಮಿಳುನಾಡು, ಚೀನಾ ಮುಂತಾದ ಕಡೆಗಳಿಂದ ಬಂದವರು ಎಂಬುದು ನಮಗೆಲ್ಲ ಗೊತ್ತು. ಭಾನುವಾರ ಲಿಟ್ಲ್ ಇಂಡಿಯಾಕ್ಕೆ ತರಕಾರಿಗೆ ಹೋದಾಗ ನಾವು ಅವರ ನಡುವೆಯೇ ನಡೆಯುತ್ತೇವೆ. ಡಬ್ಬಿ ಪದ್ಧತಿಯಿಂದ ಶ್ರಮ ಮತ್ತು ಸಮಯ ಸೇರಿ ಉತ್ಪಾದಕತೆ ಶೇಕಡಾ 40ರವರೆಗೆ ಹೆಚ್ಚಬಹುದು ಎಂಬುದು ಇಲ್ಲಿನ ಕಟ್ಟಡ ಪ್ರಾಧಿಕಾರದ ಲೆಕ್ಕ. 2020ರಲ್ಲಿ ಈ ಲೆಕ್ಕಕ್ಕೆ ಬೇರೆಯೇ ಅರ್ಥ ಬಂತು. ಆ ವರ್ಷ ಏಪ್ರಿಲ್‌ನಲ್ಲಿ ಕೋವಿಡ್ ನಿರ್ಬಂಧಗಳು ಬಂದು ಕಟ್ಟಡಗಳ ಕೆಲಸ ನಿಂತುಹೋಯಿತು. ಡಾರ್ಮಿಟರಿಗಳಲ್ಲಿ ಒತ್ತೊತ್ತಾಗಿದ್ದ ಮೂರು ಲಕ್ಷಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇಕಡಾ 47ರಷ್ಟು ಜನರಿಗೆ ಸೋಂಕು ತಗುಲಿತ್ತು ಎಂದು ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರವೇ ಪ್ರಕಟಿಸಿತು. ಬಿ.ಟಿ.ಓ. ಮನೆಗೆ ಕಾಯುತ್ತಿದ್ದ ನಮ್ಮ ಸ್ನೇಹಿತರು "ಆರು ತಿಂಗಳು ತಡ, ವರ್ಷ ತಡ" ಎಂದು ಲೆಕ್ಕ ಹಾಕುತ್ತಿದ್ದಾಗ, ಆ ಮನೆ ಕಟ್ಟಬೇಕಾದವರು ಕೋಣೆಯೊಂದರಲ್ಲಿ ಹತ್ತು ಹನ್ನೆರಡು ಜನ ಬಾಗಿಲು ಹಾಕಿಕೊಂಡು ಕೂತಿದ್ದರು. ಕಡಿಮೆ ಜನರಿಂದ, ಸೂರಿನ ಕೆಳಗೆ, ನೆಲದ ಮಟ್ಟದಲ್ಲಿ ಮಾಡುವ ಕೆಲಸ ಎತ್ತರದಲ್ಲಿ ಜೋತಾಡುವ ಕೆಲಸಕ್ಕಿಂತ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಸುಸ್ಥಿರತೆ ಎಂದರೆ ಗಿಡಮರ ಮಾತ್ರವಲ್ಲ, ದುಡಿಯುವವನ ಬೆನ್ನೂ ಅದರಲ್ಲಿ ಸೇರಬೇಕು ಎಂಬುದು ನಮ್ಮ ಅಭಿಪ್ರಾಯ.

ಆದರೆ ಅದೇ ವರ್ಷ ಇನ್ನೊಂದು ಮುಖವೂ ಕಂಡಿತು. ಮಾರ್ಚ್‌ನಲ್ಲಿ ಮಲೇಷ್ಯಾ ಗಡಿ ಮುಚ್ಚಿದಾಗ ಜೋಹೋರ್‌ನ ಕಾರ್ಖಾನೆಗಳಿಂದ ಬರಬೇಕಾದ ಗೋಡೆಗಳೂ ಬರಲಿಲ್ಲ. ಮನೆಯನ್ನು ನಿವೇಶನದಿಂದ ಕಾರ್ಖಾನೆಗೆ ಸಾಗಿಸಿದರೆ ತೊಂದರೆಯೂ ಅದರ ಜೊತೆಗೇ ಪ್ರಯಾಣ ಮಾಡುತ್ತದೆ.

ಎರಡನೆಯ ಕಾರಣ ಮರಳು. ಸಿಂಗಪುರದಲ್ಲಿ ಮರಳಿನ ನದಿಗಳಿಲ್ಲ. 1997ರಲ್ಲಿ ಮಲೇಷ್ಯಾ ಸಮುದ್ರದ ಮರಳಿನ ರಫ್ತು ನಿಲ್ಲಿಸಿತು. 2007ರ ಆರಂಭದಲ್ಲಿ ಇಂಡೋನೇಷ್ಯಾ ಮರಳು ಕಳಿಸುವುದಿಲ್ಲ ಎಂದಾಗ ಇಲ್ಲಿ ಕಾಂಕ್ರೀಟಿನ ಬೆಲೆ ದಿಢೀರನೆ ಏರಿ, ಸರ್ಕಾರ ತನ್ನ ಸಂಗ್ರಹದ ಮರಳನ್ನು ಹೊರತೆಗೆಯಬೇಕಾಯಿತು. 2017ರಲ್ಲಿ ಕಾಂಬೋಡಿಯಾ ಕೂಡ ನಿಲ್ಲಿಸಿತು. ಕಾರ್ಖಾನೆಯಲ್ಲಿ ಅಳತೆ ಖಚಿತವಾಗಿರುವುದರಿಂದ ಪೋಲು ಕಡಿಮೆ, ಮರಳು ಉಳಿಯುತ್ತದೆ ಎಂಬುದು ನಿಜ. ಆದರೆ ಗೋಡೆಯನ್ನೇ ಆಚೆ ದಡದಲ್ಲಿ ಎರಕ ಹೊಯ್ದಾಗ, ಮರಳಾಗಿ ಬರಲಾರದ್ದು ಗೋಡೆಯಾಗಿ ಸೇತುವೆ ದಾಟಿ ಬರುತ್ತದೆ. ಯಾವ ನದಿಯ ದಂಡೆಯಿಂದ, ಯಾವ ಬೆಟ್ಟದಿಂದ ಅದು ಬಂತು ಎಂಬುದು ನಮ್ಮ ಕಿಟಕಿಯಿಂದ ಕಾಣುವುದಿಲ್ಲ, ಅಷ್ಟೇ.

ಹಾಗಾದರೆ ಹಸಿರೇ?

ಕಣ್ಣಿಗೆ ಕಾಣುವ ಲಾಭಗಳು ಖಂಡಿತ ಇವೆ. ಧೂಳು ಕಡಿಮೆ, ಸದ್ದು ಕಡಿಮೆ, ಪಕ್ಕದ ಬ್ಲಾಕಿನವರಿಗೆ ನೆಮ್ಮದಿ. ಉಕ್ಕಿನ ಅಚ್ಚು ನೂರಾರು ಸಲ ಬಳಕೆಯಾಗುತ್ತದೆ. ನಿವೇಶನದಲ್ಲಿ ಕಸದ ರಾಶಿ ಚಿಕ್ಕದಾಗುತ್ತದೆ. ಕಸ ಎಂದರೆ ಸಿಂಗಪುರಕ್ಕೆ ಸಣ್ಣ ಮಾತಲ್ಲ. ಇರುವುದು ಸೆಮಕಾವ್ ದ್ವೀಪದ ಒಂದೇ ಕಸದ ಗುಂಡಿ, ಅದೂ 2035ರ ಹೊತ್ತಿಗೆ ತುಂಬಿಹೋಗುವ ಅಂದಾಜಿದೆ.

ಕಣ್ಣಿಗೆ ಕಾಣದ ಲೆಕ್ಕ ಬೇರೆ. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡಬೇಕು. ಸುಡುವ ಇಂಧನದ ಹೊಗೆ ಒಂದು ಕಡೆಯಾದರೆ, ಸುಣ್ಣಕಲ್ಲು ಸುಣ್ಣವಾಗುವಾಗ ಅದರೊಳಗಿಂದಲೇ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಒಲೆಗೆ ಸೌರಶಕ್ತಿ ಕೊಟ್ಟರೂ ಈ ಎರಡನೆಯದು ನಿಲ್ಲುವುದಿಲ್ಲ, ಅದು ರಸಾಯನಶಾಸ್ತ್ರ. ಸಿಮೆಂಟಿನ ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇದರದ್ದೇ. ಜಗತ್ತಿನ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನಿಂದ ಬರುತ್ತದೆ. ಗೋಡೆಯನ್ನು ನಿವೇಶನದಲ್ಲಿ ಎರಕ ಹೊಯ್ದರೂ ಅಷ್ಟೇ, ಕಾರ್ಖಾನೆಯಲ್ಲಿ ಹೊಯ್ದರೂ ಅಷ್ಟೇ. ಸಿಮೆಂಟಿಗೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ!

ಇನ್ನೂ ಒಂದು ಸೂಕ್ಷ್ಮವಿದೆ. ಕಾರ್ಖಾನೆಯ ಆದಾಯ ಅಚ್ಚು ದಿನಕ್ಕೆ ಎಷ್ಟು ಸಲ ಖಾಲಿಯಾಗುತ್ತದೆ ಎಂಬುದರ ಮೇಲೆ ನಿಂತಿದೆ. ಇಂದು ಹೊಯ್ದದ್ದನ್ನು ನಾಳೆ ಬೆಳಿಗ್ಗೆ ಎಬ್ಬಿಸಬೇಕು. ಬೇಗ ಬಲ ಬರಬೇಕಾದರೆ ಸಿಮೆಂಟ್ ಹೆಚ್ಚು ಬೇಕು. ಉಕ್ಕಿನ ಕುಲುಮೆಯ ಕಿಟ್ಟದ ಪುಡಿಯನ್ನು ಸಿಮೆಂಟಿನ ಬದಲು ಬೆರೆಸಿದರೆ ಇಂಗಾಲ ಬಹಳ ಉಳಿಯುತ್ತದೆ. ಆದರೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರದ ಕಾರ್ಖಾನೆಗೆ ಒಗ್ಗುವುದಿಲ್ಲ. ಡಬ್ಬಿಗಳಲ್ಲಂತೂ ಪ್ರತಿಯೊಂದಕ್ಕೂ ತನ್ನದೇ ನೆಲ, ತನ್ನದೇ ಚಾವಣಿ, ತನ್ನದೇ ಗೋಡೆಗಳು. ಒಂದು ಸಾಕಾಗುವಲ್ಲಿ ಎರಡು. ಗೋಡೆಗಳನ್ನು ತೆಳುವಾಗಿಸಿ ಇದನ್ನು ಸರಿದೂಗಿಸಲು ಪ್ರಯತ್ನಿಸುತ್ತಾರೆ, ಆದರೆ ಪೂರ್ತಿ ಸರಿಹೋಗುತ್ತದೆ ಎಂದು ಒಪ್ಪುವುದು ಕಷ್ಟ. ಮೇಲೆ ಸಾಗಣೆಯ ಖರ್ಚು. ಡಬ್ಬಿಯಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಲಾರಿ ಹೊರುವುದು ಕಾಂಕ್ರೀಟಿನ ಜೊತೆ ಖಾಲಿ ಜಾಗವನ್ನೂ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಈಗ ಬರುತ್ತದೆ: ಕಟ್ಟಡದ ಕಾಲ ಮುಗಿದಾಗ ಏನಾಗುತ್ತದೆ? ಲೆಗೊ ಆಗಿದ್ದರೆ ಬಿಚ್ಚಿ ಬೇರೆ ಕಡೆ ಕಟ್ಟಬಹುದಿತ್ತು. ಮಕ್ಕಳು ಹಾಗೆಂದೇ ತಿಳಿದಿದ್ದಾರೆ. ಆದರೆ ರೋನನ್ ಪಾಯಿಂಟ್‌ನ ಪಾಠದಿಂದ ನಾವು ಸಂದುಗಳನ್ನು ಬಂಡೆಯಾಗಿಸಿದ್ದೇವೆ. ಭದ್ರತೆ ಕೊಟ್ಟ ಗ್ರೌಟೇ ಬಿಡಿಸಲಾರದ ಗಂಟೂ ಆಗಿದೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಮಾಡ್ಯೂಲುಗಳಾಗಿ ಬರೆದು, ಕೊನೆಗೆ ಎಲ್ಲವನ್ನೂ ಬಿಡಿಸಲಾಗದಂತೆ ಹೆಣೆದುಬಿಟ್ಟ ಪ್ರೋಗ್ರಾಂ ಅದು. ಕೆಡವುವಾಗ ಪುಡಿ ಮಾಡಲೇಬೇಕು. ಇಲ್ಲಿ ಕಟ್ಟಡದ ಅವಶೇಷಗಳಲ್ಲಿ ಶೇಕಡಾ 99ರಷ್ಟು ಮರುಬಳಕೆಯಾಗುತ್ತದೆ ಎಂಬುದು ಹೆಮ್ಮೆಯ ಅಂಕಿ, ಅದು ನಿಜವೂ ಹೌದು. ಆದರೆ ಗೋಡೆ ಮತ್ತೆ ಗೋಡೆಯಾಗುವುದು ವಿರಳ. ಹೆಚ್ಚಿನದು ಜಲ್ಲಿಯಾಗಿ ರಸ್ತೆಯಡಿ ಸೇರುತ್ತದೆ, ಹೊಸ ಗೋಡೆಗೆ ಮತ್ತೆ ಹೊಸ ಸಿಮೆಂಟು.

ಕೆಡವುವವರೆಗೆ ಕಾಯಬೇಕಾಗಿಯೂ ಇಲ್ಲ. ಎರಡು ಮಲಗುವ ಕೋಣೆ ಸೇರಿಸಿ ಒಂದು ಮಾಡೋಣ, ಅಡುಗೆಮನೆ ತೆರೆಯೋಣ ಎಂದುಕೊಂಡವರಿಗೆ ಇದರ ಬಿಸಿ ಮೊದಲೇ ತಟ್ಟುತ್ತದೆ. ಒಳಗೋಡೆಗಳಲ್ಲೂ ಕೆಲವು ಭಾರ ಹೊರುವ ಗೋಡೆಗಳಾಗಿರುತ್ತವೆ, ಡಬ್ಬಿಯ ಮನೆಯಲ್ಲಿ ಇನ್ನೂ ಹೆಚ್ಚು. ಅವನ್ನು ಮುಟ್ಟುವಂತಿಲ್ಲ. 90ರ ದಶಕದ ಕೊನೆಯಿಂದ ಪ್ರತಿ ಹೊಸ ಎಚ್.ಡಿ.ಬಿ. ಮನೆಯಲ್ಲೂ ಇರುವ ಆಶ್ರಯ ಕೋಣೆ, ನಮ್ಮ ಮನೆಗಳಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸು, ದೊಡ್ಡ ಪಾತ್ರೆಗಳ ಉಗ್ರಾಣ, ಕೆಲವರಿಗೆ ದೇವರ ಕೋಣೆ. ಅದರ ಗೋಡೆಯನ್ನಂತೂ ಒಡೆಯುವಂತೆಯೇ ಇಲ್ಲ. ಹೊಸ ಬಿ.ಟಿ.ಓ. ಮನೆಯ ಸ್ನಾನದ ಕೋಣೆಯಲ್ಲಿ ಮೊದಲ ಮೂರು ವರ್ಷ ನೆಲ, ಗೋಡೆಯ ಟೈಲ್ಸನ್ನು ಕೀಳುವಂತಿಲ್ಲ, ನೀರು ಸೋರದ ಪದರ ಹಾಳಾಗುತ್ತದೆಂದು.

ಮನೆಯ ಆಯುಸ್ಸು ದೊಡ್ಡದು, ಸಂಸಾರದ ಅಗತ್ಯ ಬದಲಾಗುತ್ತಲೇ ಇರುತ್ತದೆ. ಮಕ್ಕಳು ಹುಟ್ಟುತ್ತಾರೆ, ಅಜ್ಜಿ ತಾತ ಬಂದು ಆರು ತಿಂಗಳು ಇರುತ್ತಾರೆ, ಮಕ್ಕಳು ಓದಲು ಹೊರಟುಹೋಗುತ್ತಾರೆ. ಬದಲಾಗಲಾರದ ಮನೆಯನ್ನು ಜನ ಬೇಗ ಬಿಡುತ್ತಾರೆ, ಬೇಗ ಬಿಟ್ಟ ಮನೆ ಬೇಗ ಕೆಡವಿಸಿಕೊಳ್ಳುತ್ತದೆ. ಕಟ್ಟುವಾಗ ಉಳಿಸಿದ ಇಂಗಾಲವೆಲ್ಲ ಅಲ್ಲಿಗೆ ಹೋಯಿತು. ಎಚ್.ಡಿ.ಬಿ. ಕೂಡ ಇದನ್ನು ಗಮನಿಸಿದಂತಿದೆ. 2024ರ ಅಕ್ಟೋಬರಿನಲ್ಲಿ ಕ್ರಾಫರ್ಡ್ ಹೈಟ್ಸ್ ಎಂಬ ಯೋಜನೆಯಲ್ಲಿ "ವೈಟ್ ಫ್ಲಾಟ್" ಎಂಬ ಹೊಸ ಬಗೆಯನ್ನು ತಂದಿತು. ಒಳಗೆ ತೊಲೆಗಳಿಲ್ಲ, ಮಲಗುವ ಕೋಣೆಗಳ ನಡುವೆ ಗೋಡೆಗಳಿಲ್ಲ. ಬೇಕಾದಂತೆ ನೀವೇ ಅಡ್ಡಗೋಡೆ ಹಾಕಿಕೊಳ್ಳಿ, ಬೇಡವಾದಾಗ ತೆಗೆಯಿರಿ. ನಮ್ಮ ದೃಷ್ಟಿಯಲ್ಲಿ ಬಣ್ಣದ ಪುಸ್ತಿಕೆಗಳ ಹತ್ತು ಹಸಿರು ಎಲೆಗಳ ಚಿತ್ರಕ್ಕಿಂತ ಇದು ಹೆಚ್ಚು ಹಸಿರು.

ಬಿಚ್ಚಿ ಕಟ್ಟಿದ ಮನೆಗಳು

ಬಿಚ್ಚಬಹುದಾದ ಸಂದು ಎಂಬುದು ಹೊಸ ಕಲ್ಪನೆಯೇನಲ್ಲ, ಅದು ನಮ್ಮೂರಿನಲ್ಲೇ ಇದೆ. ಮಣಿಪಾಲಕ್ಕೆ ಹೋದವರು ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿರಬಹುದು. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲವಾಡ ಎಂದು ಒಂದೊಂದಾಗಿ ಬಿಚ್ಚಿಸಿ, ಗುರುತು ಹಾಕಿಸಿ, ಮಣಿಪಾಲಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಹೀಗೆ ಬಂದು ನೆಲೆ ನಿಂತಿವೆ. ಅವು ಸಾಧ್ಯವಾದದ್ದು ಶೆಣೈಯವರ ಹಟದಿಂದ ಮಾತ್ರವಲ್ಲ, ಆ ಮನೆಗಳನ್ನು ಕಟ್ಟಿದ ಬಡಗಿಗಳಿಂದಲೂ. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಬೆಣೆ ಹೊಡೆದ ಸಂದು ಶತಮಾನ ಕಳೆದ ಮೇಲೂ ಬೆಣೆ ತಟ್ಟಿದರೆ ಬಿಡಿಸಿಕೊಳ್ಳುತ್ತದೆ. ಹೊಯ್ಸಳರ ಗುಡಿಗಳಲ್ಲೂ ಬಳಪದ ಕಲ್ಲಿನ ತುಂಡುಗಳನ್ನು ಮೊದಲೇ ಕಡೆದು, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿದ್ದಾರೆ. ಪೂರ್ವನಿರ್ಮಿತ ಎಂಬ ಪದ ಹೊಸದು, ಕೆಲಸ ಹಳೆಯದು.

ಹಾಗೆಂದು ನಲವತ್ತು ಮಹಡಿಯ ಚೌಕಿ ಮನೆ ಕಟ್ಟಲಾಗದು. ಆದರೆ ಮರದ ದಾರಿ ಪೂರ್ತಿ ಮುಚ್ಚಿಲ್ಲ. ನಮ್ಮ ಹಲವು ಸ್ನೇಹಿತರು ಓದಿದ ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ 2023ರಲ್ಲಿ ತೆರೆದ "ಗಾಯಾ" ಕಟ್ಟಡ 43,500 ಚದರ ಮೀಟರಿನದು, ಬಹುಪಾಲು ಮರದ್ದು. ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ತೊಲೆ, ಹಾಸುಗಳು ಯುರೋಪಿನ ಕಾರ್ಖಾನೆಗಳಿಂದ ಕತ್ತರಿಸಿಕೊಂಡೇ ಬಂದವು. ಇಲ್ಲಿನ ತೇವಕ್ಕೆ ಕೆಲವೆಡೆ ಬೂಸ್ಟು ಹಿಡಿದದ್ದೂ ಸುದ್ದಿಯಾಯಿತು. ನಮ್ಮ ಕರಾವಳಿಯವರಿಗೆ ಇದು ಆಶ್ಚರ್ಯ ತರಲಾರದು, ಮರದ ಮನೆಗೆ ಉದ್ದನೆಯ ಇಳಿಜಾರು ಸೂರು ಏಕೆ ಬೇಕೆಂದು ಅವರ ಅಜ್ಜಂದಿರಿಗೆ ಗೊತ್ತಿತ್ತು.

ಇನ್ನು ಎರಡು ಅಂತಸ್ತಿನ ಮನೆ ಕಟ್ಟುವವರಿಗೆ ಕಾರ್ಖಾನೆಯೇ ಬೇಡ ಎನ್ನುವ ಉತ್ತರವೂ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ಕಾಲು ಭಾಗದಷ್ಟೇ ಶಕ್ತಿ ಸಾಕು. ಬಹುಮಹಡಿ ಕಾಂಕ್ರೀಟ್ ಕಟ್ಟಡಕ್ಕೆ ಚದರ ಮೀಟರಿಗೆ 4.2 ಗಿಗಾಜೂಲ್ ಶಕ್ತಿ ತಗುಲಿದರೆ, ಇಂತಹ ಮಣ್ಣಿನ ಇಟ್ಟಿಗೆಯ ಎರಡಂತಸ್ತಿನ ಮನೆಗೆ 1.6 ಸಾಕಾಯಿತು. ಪಾಯ ಅಗೆದ ಮಣ್ಣೇ ಗೋಡೆಯಾಗುತ್ತದೆ, ಲಾರಿಯ ಕೆಲಸ ಬಹಳ ಕಡಿಮೆ. ನಿವೃತ್ತಿಯ ನಂತರ ಮೈಸೂರಿನಲ್ಲೋ ಹಾಸನದಲ್ಲೋ ಸಣ್ಣ ಮನೆ ಕಟ್ಟುವ ಆಸೆ ಇರುವವರು ಇದನ್ನು ವಿಚಾರಿಸಿ ನೋಡಬಹುದು.

ಬೆಂಗಳೂರಿನಲ್ಲಿ ಪ್ರೀಕಾಸ್ಟ್ ಅಪಾರ್ಟ್‌ಮೆಂಟಿಗೆ ದುಡ್ಡು ಹಾಕಿರುವವರಿಗೆ ಒಂದೆರಡು ಮಾತು. ಇಲ್ಲಿನ ಹಾಗೆಯೇ ಅಲ್ಲೂ ನಿರ್ಣಾಯಕವಾದದ್ದು ಸಂದು. ನಮ್ಮ ಪರಿಚಯದ ಕುಟುಂಬವೊಂದಕ್ಕೆ ಬೀಗದ ಕೈ ಸಿಕ್ಕ ಮೊದಲ ಮಳೆಗಾಲದಲ್ಲೇ ಹೊರಗೋಡೆಯ ಸಂದಿನಿಂದ ನೀರು ಇಳಿಯಿತು. ಗೋಡೆಯಲ್ಲಿ ಬಿರುಕಿರಲಿಲ್ಲ, ಎರಡು ಗೋಡೆಗಳ ನಡುವೆ ತುಂಬಿದ್ದ ರಬ್ಬರಿನಂತಹ ಸೀಲೆಂಟ್ ಒಂದು ಕಡೆ ಬಿಟ್ಟುಕೊಂಡಿತ್ತು. ಈ ಸೀಲೆಂಟ್ ಬಿಸಿಲಿಗೆ ಒಣಗುತ್ತದೆ, ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ತುಂಬಬೇಕು, ಹನ್ನೆರಡನೆಯ ಮಹಡಿಯ ಹೊರಗೋಡೆಯಲ್ಲಿ ಅದನ್ನು ಒಬ್ಬರೇ ಮಾಡಿಸಲು ಸಾಧ್ಯವಿಲ್ಲ. ಅದರ ಖರ್ಚು ಯಾರದು, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ನಿರ್ವಹಣಾ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಕೊನೆಯ ಕಂತು ಕೊಡುವ ಮೊದಲು ಭಾರ ಹೊರುವ ಗೋಡೆಗಳನ್ನು ಗುರುತಿಸಿದ ನಕ್ಷೆಯ ಒಂದು ಪ್ರತಿ ಕೇಳಿ ಪಡೆಯಿರಿ. ಸಿಂಗಪುರದಲ್ಲಿ ಗೋಡೆ ಒಡೆಯಲು ಎಚ್.ಡಿ.ಬಿ. ಅನುಮತಿ ಬೇಕು ಎಂಬ ಭಯವಾದರೂ ಇದೆ. ಅಲ್ಲಿ ಮೇಲಿನ ಮನೆಯವರು ಯಾವ ಗೋಡೆಗೆ ಸುತ್ತಿಗೆ ಹಾಕುತ್ತಿದ್ದಾರೆ ಎಂದು ನೋಡಿ ಹೇಳಲು ಆ ನಕ್ಷೆ ನಿಮ್ಮ ಕೈಯಲ್ಲಿರಬೇಕು. ಸಾಧ್ಯವಾದರೆ ಜೂನ್ ರಜೆಯಲ್ಲಿ ಊರಿಗೆ ಹೋದಾಗ, ಜೋರು ಮಳೆ ಬಿದ್ದ ಮಾರನೆಯ ದಿನವೇ ಮನೆ ನೋಡಲು ಹೋಗಿ.